ಬೀಸುವ ಕಲ್ಲು, ದ್ರಾಕ್ಷಿ ಗೊಂಚಲು ಮತ್ತು ಮುಂಬೈ ಗಿರಣಿ

ಬಾದಾಮಿಯ ಮ್ಯೂಸಿಯಂನಲ್ಲಿರೋ ಲಜ್ಜಾಗೌರಿ ಶಿಲ್ಪ ನೋಡಿರ್ತೀರಿ. ನಾಗನಾಥಕೊಳ್ಳದಿಂದ ತಂದದ್ದು, ಚಾಲುಕ್ಯರ ಕಾಲದ್ದು, ತಲೆಯ ಜಾಗದಲ್ಲಿ ಕಮಲ. ಸಂತಾನದ ದೇವಿ. ನಮ್ಮ ಬಾಗಲಕೋಟೆ ಕಡೆ ಬಸಿರು ಅಂದ್ರೆ ಎಷ್ಟು ಸಂಭ್ರಮವೋ, ಅದು ಕೈಕೊಟ್ಟರೆ ಹೆಂಗಸಿನ ಮೇಲೆ ಅಷ್ಟೇ ಮಾತು. ಕೈಕೊಡುವ ಅಂಥದ್ದೊಂದು ಬಸಿರಿನ ಇತಿಹಾಸ ಇದು. ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯೋ ಪ್ರಾಣಿ :) ಇಳಕಲ್ಲಿನ ನಮ್ಮ ಸಂಬಂಧಿಕರೊಬ್ಬರಿಗೆ ಹೀಗಾದಾಗ ಓದೋಕೆ ಶುರುಮಾಡಿದ್ದು.

ಹೆಸರು ಮೋಲಾರ್ ಪ್ರೆಗ್ನೆನ್ಸಿ. ಮುಟ್ಟು ನಿಲ್ಲುತ್ತೆ, ವಾಂತಿ ಜಾಸ್ತಿ, ಹೊಟ್ಟೆ ಎಷ್ಟೋ ಸಲ ತಿಂಗಳ ಲೆಕ್ಕ ಮೀರಿ ಬೆಳೆಯುತ್ತೆ, ಆಮೇಲೆ ರಕ್ತಸ್ರಾವ. ಪೂರ್ಣ ಮೋಲ್ ಆದರೆ ಒಳಗೆ ಕೂಸೇ ಇರಲ್ಲ. ಮಾಸು ಆಗಬೇಕಾದದ್ದು ದ್ರಾಕ್ಷಿ ಗೊಂಚಲಿನಂಥ ನೀರುಗುಳ್ಳೆಗಳಾಗಿರುತ್ತೆ. ಲ್ಯಾಟಿನ್‌ನಲ್ಲಿ 'ಮೋಲಾ' ಅಂದ್ರೆ ಬೀಸುವ ಕಲ್ಲು. ನಮ್ಮ ದವಡೆ ಹಲ್ಲಿಗೆ ಮೋಲಾರ್ ಅನ್ನೋದೂ ಅದೇ ಮೂಲದಿಂದ!

ಹಾಲೆಂಡಿನಲ್ಲಿ ಒಂದು ದಂತಕಥೆ ಇದೆ. ಮಾರ್ಗರೆಟ್ ಎಂಬ ಕೌಂಟೆಸ್ ಅವಳಿ ಹೆತ್ತ ಬಡವಿಯೊಬ್ಬಳ ಶೀಲ ಶಂಕಿಸಿದಳಂತೆ, ಅವಳ ಶಾಪದಿಂದ 1276ರಲ್ಲಿ ತಾನೇ 365 ಮಕ್ಕಳನ್ನು ಹೆತ್ತಳಂತೆ. ಅದು ಮೋಲ್ ಇರಬಹುದು ಅಂತ ವೈದ್ಯರ ಊಹೆ. ಈ ಗುಳ್ಳೆಗಳು ಮಾಸಿನದೇ ಭಾಗ ಅಂತ 1827ರಲ್ಲಿ ಬರೆದವಳು ಫ್ರಾನ್ಸಿನ ಸೂಲಗಿತ್ತಿ ಮೇರಿ ಬ್ವಾವಿನ್. 1977ರಲ್ಲಿ ಜಪಾನಿನ ಕಾಜಿ ಮತ್ತು ಒಹಾಮಾ ಇನ್ನೂ ದೊಡ್ಡ ವಿಷಯ ತೋರಿಸಿದರು: ಪೂರ್ಣ ಮೋಲ್‌ನ ಕ್ರೋಮೋಸೋಮುಗಳೆಲ್ಲ ಸಾಮಾನ್ಯವಾಗಿ ತಂದೆಯ ಕಡೆಯವೇ! ಹಾಗಂತ ಅದು ಗಂಡನ ತಪ್ಪೂ ಅಲ್ಲ, ಯಾರ ಕಣ್ಣು ಬಿದ್ದದ್ದೂ ಅಲ್ಲ.

ಇನ್ನು ಔಷಧಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದರು. ಬಸುರಿಯರಾದ ಗಿರಣಿ ಕೆಲಸಗಾರ್ತಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗೋದನ್ನು ತೋರಿಸಿದರು. ಆಗ ಬಾದಾಮಿ, ಹುನಗುಂದ ಎಲ್ಲ ಮುಂಬೈ ಪ್ರಾಂತದಲ್ಲೇ ಇದ್ದವು. ಆ ಸಾರದಲ್ಲಿದ್ದದ್ದು ಫೋಲಿಕ್ ಆಸಿಡ್. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅದನ್ನು ತಯಾರಿಸಿತು. ಅದಕ್ಕೆ ಅಡ್ಡಗಾಲು ಹಾಕುವ ಮೆಥೊಟ್ರೆಕ್ಸೇಟ್ ಬಂದದ್ದೂ ಅಲ್ಲಿಂದಲೇ. ಫೋಲೇಟ್ ಸಿಗದಿದ್ದರೆ ವೇಗವಾಗಿ ಒಡೆಯುವ ಜೀವಕೋಶ ಬೆಳೆಯಲಾರದು, ಅಷ್ಟೇ ಲಾಜಿಕ್.

ನಮ್ಮ ತಾಲೂಕುಗಳು ಮೈಸೂರು ರಾಜ್ಯ ಸೇರಿದ 1956ರಲ್ಲೇ, ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಸ್ ತಂಡ ಮೆಥೊಟ್ರೆಕ್ಸೇಟ್‌ನ ಫಲಿತಾಂಶ ಪ್ರಕಟಿಸಿತು. ಮೋಲ್ ನಂತರ ಬರಬಹುದಾದ ಕೋರಿಯೋಕಾರ್ಸಿನೋಮಾ ಎಂಬ ಕ್ಯಾನ್ಸರಿಗೆ ಅದು ಮದ್ದಾಗಿತ್ತು. ಗಡ್ಡೆ ಮಾಯವಾದ ಮೇಲೂ ಎಚ್‌ಸಿಜಿ ಹಾರ್ಮೋನು ಇಳಿಯುವ ತನಕ ಲಿ ಔಷಧಿ ಕೊಟ್ಟರು. ಅದಕ್ಕೇ ಅವರ ಕೆಲಸ ಹೋಯಿತು. 1972ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು!

ಇವತ್ತಿಗೂ ಆಟ ಇರೋದು ಆ ನಂಬರಿನಲ್ಲೇ. ಸೋನೋಗ್ರಫಿ, ಎಚ್‌ಸಿಜಿ ನೋಡಿ ಅನುಮಾನ, ಗರ್ಭಕೋಶದಿಂದ ಹೀರಿ ತೆಗೆದು ಪ್ಯಾಥಾಲಜಿಗೆ ಕಳಿಸಿ ಖಚಿತ. ಆಮೇಲೆ ನಾರ್ಮಲ್ ಆಗೋವರೆಗೆ ಸಾಮಾನ್ಯವಾಗಿ ವಾರಕ್ಕೊಮ್ಮೆ ರಕ್ತಪರೀಕ್ಷೆ, ನಂತರವೂ ಡಾಕ್ಟರು ಹೇಳಿದಷ್ಟು ತಿಂಗಳು. ಅಲ್ಲಿಯವರೆಗೆ ಮತ್ತೆ ಬಸಿರು ಬೇಡ. ಪೂರ್ಣ ಮೋಲ್ ಆದವರಲ್ಲಿ ನೂರಕ್ಕೆ ಸುಮಾರು 15-20 ಜನರಿಗೆ ಮುಂದೆ ಕೀಮೋ ಬೇಕಾಗುತ್ತೆ. ಹೆಚ್ಚುಕಡಿಮೆ ಎಲ್ಲರೂ ಗುಣವಾಗುತ್ತಾರೆ.

'ಕ್ಲೀನ್ ಆಯ್ತಲ್ಲ, ಮತ್ಯಾಕ ಬಸ್ ಚಾರ್ಜ್ ದಂಡ' ಅಂತ ಹಳ್ಳಿಯಿಂದ ಬರೋದು ಬಿಡುವವರೇ ಅಪಾಯದಲ್ಲಿರೋರು. ಸ್ಕ್ರೀನ್ ಮೇಲೆ ಎರರ್ ಕಾಣ್ತಿಲ್ಲ ಅಂದ್ರೆ ಬಗ್ ಹೋಯ್ತು ಅಂತಲ್ಲ, ನಮ್ಮವರಿಗೆ ಇದು ಚೆನ್ನಾಗಿ ಗೊತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ಕೊನೆಯ ರಿಪೋರ್ಟ್ ಬರೋ ತನಕ ಜೊತೆಗೆ ಹೋಗಿ.