ನಾಲ್ಕೇ ಪಾಲಿನ ಪಟ್ಟಿ

ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ನೆಲವೆಷ್ಟಿದೆ ಎಂಬುದಷ್ಟೇ ಮುಖ್ಯವಲ್ಲ. ಪಾಲುಪತ್ರದಲ್ಲಿ ಯಾರ ಯಾರ ಹೆಸರಿದೆ ಎಂಬುದೂ ಮುಖ್ಯ. ಹೆಸರಿಲ್ಲದವನಿಗೆ, ಎಷ್ಟು ಎಕರೆ ಬೀಳುಬಿದ್ದಿದ್ದರೂ ಕಾಲಿಡಲು ಹಕ್ಕಿಲ್ಲ. ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ಕಥೆಯೂ ಬಹುಮಟ್ಟಿಗೆ ಇಂಥದೇ.

೧೯೮೩ರಲ್ಲಿ ಐಬಿಎಂ ಸಂಸ್ಥೆಯವರು ಪಿಸಿ ಎಕ್ಸ್‌ಟಿ ಎಂಬ ಯಂತ್ರವನ್ನು ಹೊರತಂದರು. ಅದರ ಹಾರ್ಡ್ ಡಿಸ್ಕಿನ ಅಳತೆ ೧೦ ಮೆಗಾಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ನಾಲ್ಕಾರು ಚಿತ್ರಗಳಿಗೇ ತುಂಬಿಹೋಗುವಷ್ಟು. ಒಂದೇ ಡಿಸ್ಕಿನಲ್ಲಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳು ಜಗಳವಿಲ್ಲದೆ ಬಾಳಲೆಂದು ಡಿಸ್ಕನ್ನು ಪಾಲು ಮಾಡುವ ಏರ್ಪಾಡೂ ಅದರೊಡನೆ ಬಂದಿತು. ಪಾಲುಪತ್ರವನ್ನು ಬರೆದದ್ದು ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ. ಆ ಸೆಕ್ಟರಿನಲ್ಲಿ ಇರುವುದೇ ೫೧೨ ಬೈಟು. ಯಂತ್ರವನ್ನು ಎಬ್ಬಿಸುವ ಕಿರು ಪ್ರೋಗ್ರಾಮಿಗೆ ೪೪೬, ಕೊನೆಯ ಗುರುತಿಗೆ ೨, ಉಳಿದದ್ದು ೬೪. ಒಂದೊಂದು ಪಾಲಿನ ವಿವರಕ್ಕೆ ೧೬ ಬೈಟು ಬೇಕು. ಲೆಕ್ಕ ಹಾಕಿದರೆ ನಾಲ್ಕೇ ಪಾಲು!

ಹತ್ತು ಮೆಗಾಬೈಟಿಗೆ ನಾಲ್ಕು ಪಾಲು ಧಾರಾಳವೇ ಆಗಿತ್ತು. ಆದರೆ ಡಿಸ್ಕು ಬೆಳೆಯಿತು, ಪತ್ರ ಬೆಳೆಯಲಿಲ್ಲ. ೧೯೮೭ರ ಡಾಸ್ ೩.೩ರಲ್ಲಿ ಒಂದು ಉಪಾಯ ಮಾಡಿದರು. ನಾಲ್ಕರಲ್ಲಿ ಒಂದನ್ನು ‘ವಿಸ್ತೃತ’ ಪಾಲೆಂದು ಕರೆದು, ಅದರೊಳಗೆ ಒಳಪಾಲುಗಳನ್ನು ಮಾಡಿಕೊಳ್ಳಬಹುದೆಂದರು. ದೊಡ್ಡ ಕೋಣೆಗೆ ಅಡ್ಡಗೋಡೆ ಹಾಕಿದಂತೆ. ಹೊಟ್ಟೆ ತುಂಬಿತು, ಆದರೆ ಹಸಿವಿನ ಮೂಲ ಹಾಗೆಯೇ ಉಳಿಯಿತು.

ತೊಡಕು ಮುಂದೆ ಬೇರೊಂದು ದಾರಿಯಿಂದ ಬಂದಿತು. ಯಂತ್ರ ಕೆಟ್ಟಾಗ ಮೊದಲಿನ ಸ್ಥಿತಿಗೆ ತರಲು ತಯಾರಕರು ಹಿಂದೆ ಸಿ.ಡಿ.ಗಳನ್ನು ಕೊಡುತ್ತಿದ್ದರು. ಬರಬರುತ್ತ ಆ ಖರ್ಚನ್ನು ಉಳಿಸಿ, ರಿಕವರಿ ಸಾಮಗ್ರಿಯನ್ನು ಡಿಸ್ಕಿನಲ್ಲಿಯೇ ಒಂದು ಗುಪ್ತ ಪಾಲಿನಲ್ಲಿ ಇಡತೊಡಗಿದರು. ೨೦೦೯ರಲ್ಲಿ ಬಂದ ವಿಂಡೋಸ್ ೭ ತನಗಾಗಿಯೇ ೧೦೦ ಮೆಗಾಬೈಟಿನ ಇನ್ನೊಂದು ಪುಟ್ಟ ಪಾಲನ್ನು ಕೇಳಿತು. ‘ಸಿ’ ಎಂಬ ಮುಖ್ಯ ಪಾಲು ಸರಿಯೇ ಸರಿ. ಕೆಲವು ತಯಾರಕರು ತಮ್ಮ ಉಪಕರಣಗಳಿಗೆಂದು ನಾಲ್ಕನೆಯದನ್ನೂ ಹಿಡಿದರು. ಹೀಗೆ ಅಂಗಡಿಯಿಂದ ಮನೆಗೆ ಬರುವ ಹೊತ್ತಿಗೇ ಪತ್ರ ಭರ್ತಿ!

ಹಣ ಕೊಟ್ಟು ಕೊಂಡ ಗೃಹಸ್ಥನು ತನ್ನದೇ ಪ್ರತ್ಯೇಕ ಪಾಲು ಬೇಡುವ ಬೇರೊಂದು ರಿಕವರಿ ತಂತ್ರಾಂಶವನ್ನು ಹಾಕಹೊರಟರೆ, ನೂರಾರು ಗಿಗಾಬೈಟು ಬರಿದಾಗಿದ್ದರೂ ‘ಜಾಗವಿಲ್ಲ’ ಎಂಬ ಉತ್ತರ. ಪಾಲು ಹೆಚ್ಚಿಸುವ ಆಸೆಯಿಂದ ಡಿಸ್ಕನ್ನು ‘ಡೈನಮಿಕ್’ ಮಾಡಲು ಒಪ್ಪಿದವರಿಗೆ, ಮುಂದೆ ತಯಾರಕರ ರಿಕವರಿ ಕೈಕೊಡುವ ಭಯ. ಗುಪ್ತ ಪಾಲನ್ನೇ ಅಳಿಸಿದವರಿಗಂತೂ ಯಂತ್ರ ಮಲಗಿದ ದಿನ ಆಸರೆಯೇ ಇಲ್ಲ. ನನ್ನ ಪರಿಚಿತರೊಬ್ಬರು ಹಾಗೆ ಅಳಿಸಿ, ಮಗಳ ಮದುವೆಯ ಚಿತ್ರಗಳಿಗೆ ಜಾಗ ಮಾಡಿದರು. ಕೆಲವು ತಿಂಗಳಲ್ಲಿ ಯಂತ್ರ ಮಲಗಿತು. ಎಬ್ಬಿಸುವ ಸಾಮಗ್ರಿ ಕೈಯಲ್ಲಿರಲಿಲ್ಲ.

ಈ ಸಂಕಟಕ್ಕೆ ಉತ್ತರವಾಗಿ ಬಂದದ್ದು ಜಿಪಿಟಿ ಎಂಬ ಹೊಸ ಪತ್ರ. ವಿಂಡೋಸಿನಲ್ಲಿ ಅದಕ್ಕೆ ೧೨೮ ಪಾಲು. ಪತ್ರದ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿಯೂ ಉಂಟು. ೨೦೧೨ರ ವಿಂಡೋಸ್ ೮ರಿಂದೀಚೆಗೆ ಹೊಸ ಯಂತ್ರಗಳಲ್ಲಿ ಇದೇ ರೂಢಿಯಾಯಿತು.

ಅಲ್ಲಿಗೆ ತಾಪತ್ರಯ ಮುಗಿಯಿತೇ? ಇಲ್ಲ. ೨೦೨೪ರ ಜನವರಿಯಲ್ಲಿ ವಿಂಡೋಸ್ ೧೦ರ ರಿಕವರಿ ಭಾಗಕ್ಕೆ ಬಂದ ಪರಿಷ್ಕರಣವು, ಆ ಪಾಲಿನಲ್ಲಿ ೨೫೦ ಮೆಗಾಬೈಟು ಬಿಡುವಿಲ್ಲದ ಯಂತ್ರಗಳಲ್ಲಿ ಕೂರಲೇ ಇಲ್ಲ. ಮೊದಲು ಪಾಲಿನ ಸಂಖ್ಯೆ ಸಾಲದಾಗಿತ್ತು. ಈಗ ಪಾಲಿನ ಅಗಲ ಸಾಲದಾಯಿತು.

ನಾಲ್ಕು ಪಾಲು ಬರೆದವರನ್ನು ದೂರುವಂತಿಲ್ಲ. ಇದ್ದ ೬೪ ಬೈಟಿನಲ್ಲಿ ಅವರು ಸಂಸಾರ ತೂಗಿಸಿದರು. ಆದರೆ ರಕ್ಷಣೆಯ ಸಾಮಗ್ರಿಯನ್ನು ಕೆಡತಕ್ಕ ವಸ್ತುವಿನೊಳಗೇ ಇಡುವುದು, ಬೀರುವಿನ ಬದಲಿ ಬೀಗದಕೈಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದಂತೆ. ಡಿಸ್ಕೇ ಸತ್ತರೆ ಅದರೊಳಗಿನ ಯಾವ ಪಾಲೂ ಬದುಕದು. ಪಾಲುಗಳಿಗೆ ಕೈಹಾಕುವ ಮೊದಲು ಬೇಕಾದದ್ದನ್ನು ಹೊರಗೊಂದು ಪ್ರತಿ ಮಾಡಿ, ರಿಕವರಿಗೊಂದು ಯುಎಸ್‌ಬಿ ಕಡ್ಡಿ ಸಿದ್ಧಪಡಿಸಿಟ್ಟುಕೊಳ್ಳುವುದು ಜಾಣತನ.