ಮೀನಖಂಡಕ್ಕೆ ಗ್ರೀಕರಿಟ್ಟ ಹೆಸರು



ಮಳೆಗಾಲದಲ್ಲಿ ಚಿಕ್ಕನರಗುಂದದ ಎರೆಹೊಲಗಳಲ್ಲಿ ನಡೆದವರಿಗೆ ಕಾಲಿನ ಹಿಂಬದಿಯ ಸ್ನಾಯುವನ್ನು ಪರಿಚಯಿಸಬೇಕಾಗಿಲ್ಲ. ಅಂಟುವ ಕರಿಮಣ್ಣಿನಿಂದ ಹೆಜ್ಜೆ ಕಿತ್ತಿಡುವಾಗ ಹಿಮ್ಮಡಿಯನ್ನು ಮೇಲೆತ್ತುವುದು ಅದೇ. ಅದಕ್ಕೆ ಕನ್ನಡದಲ್ಲಿ ಮೀನಖಂಡವೆಂದು ಹೆಸರು.

ನಾನು ವಿಜ್ಞಾನ ಬೋಧಿಸುತ್ತಿದ್ದ ಕಾಲದಲ್ಲಿ ಒಮ್ಮೆ ಈ ಸ್ನಾಯುವಿನ ಹೆಸರನ್ನು ಕೇಳಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದುನಿಂತು ‘ಮೀನಖಂಡ’ ಎಂದನು. ತರಗತಿ ನಕ್ಕಿತು. ನಾನೂ ನಕ್ಕೆ. ‘ಅದು ಮನೆಯ ಮಾತು, ಶಾಸ್ತ್ರದ ಹೆಸರು ಹೇಳು’ ಎಂದು ಅವನನ್ನು ಕೂರಿಸಿ, ‘ಗ್ಯಾಸ್ಟ್ರಾಕ್ನೀಮಿಯಸ್’ ಎಂದು ಕಪ್ಪುಹಲಗೆಯ ಮೇಲೆ ಬರೆದೆನು. ಆ ಪದದ ಅರ್ಥ ನನಗೂ ತಿಳಿದಿರಲಿಲ್ಲ.

ನಿವೃತ್ತಿಯ ಬಿಡುವಿನಲ್ಲಿ ಅದನ್ನು ಹುಡುಕಿದೆ. ಗ್ರೀಕ್ ಭಾಷೆಯಲ್ಲಿ ‘ಗಾಸ್ಟೆರ್’ ಎಂದರೆ ಹೊಟ್ಟೆ, ‘ಕ್ನೀಮೆ’ ಎಂದರೆ ಮೊಣಕಾಲಿನ ಕೆಳಗಿನ ಕಾಲು. ಅಂದರೆ ‘ಕಾಲಿನ ಹೊಟ್ಟೆ’! ಕ್ರಿಸ್ತಪೂರ್ವ 4ನೆಯ ಶತಮಾನದ ಅರಿಸ್ಟಾಟಲನು ಪ್ರಾಣಿಗಳ ಕುರಿತ ತನ್ನ ಗ್ರಂಥದಲ್ಲಿ ಈ ಭಾಗಕ್ಕೆ ಇದೇ ಪದವನ್ನು ಬಳಸಿದ್ದಾನೆ. ನಮ್ಮ ನೆರೆಯ ಮರಾಠಿಯಲ್ಲಿ ಇದು ‘ಪೋಟರಿ’. ಅಲ್ಲಿಯೂ ‘ಪೋಟ’ ಎಂದರೆ ಹೊಟ್ಟೆ.

ಇದರ ಅಡಿಯಲ್ಲಿರುವ ಸ್ನಾಯು ಸೋಲಿಯಸ್. ಲ್ಯಾಟಿನ್ನಿನ ‘ಸೋಲಿಯಾ’ ಎಂದರೆ ಪಾದರಕ್ಷೆ. ಅದರಂತೆಯೇ ಚಪ್ಪಟೆಯಾದ ಒಂದು ಮೀನಿಗೂ ರೋಮನ್ನರು ಅದೇ ಹೆಸರಿಟ್ಟಿದ್ದರು. ತಮಿಳರು ಮೀನಖಂಡವನ್ನು ‘ಕೆಂಡೈಕ್ಕಾಲ್’ ಎನ್ನುತ್ತಾರೆ. ಕೆಂಡೈ ಎಂಬುದೂ ಒಂದು ಮೀನು. ತೊಡೆಯ ಮೇಲೆ ಓರೆಯಾಗಿ ಹಾಯುವ ಸ್ನಾಯು ಸಾರ್ಟೋರಿಯಸ್. ‘ಸಾರ್ಟರ್’ ಎಂದರೆ ದರ್ಜಿ. ಚಕ್ಕಳಮಕ್ಕಳ ಹಾಕಿ ಕುಳಿತು ಹೊಲಿಯುವವನ ಸ್ನಾಯು ಅದು. ಇಂಗ್ಲಿಷಿನ ‘ಮಸಲ್’ ಪದವೇ ‘ಪುಟ್ಟ ಇಲಿ’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದಿದೆ. ಆ ಲ್ಯಾಟಿನ್ ಇಲಿ ನಮ್ಮ ಮೂಷಕನ ದಾಯಾದಿಯೇ!

ಈ ಹೆಸರುಗಳ ಚರಿತ್ರೆಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ಮತ್ತೆ ಮತ್ತೆ ಬರುತ್ತದೆ. ವೆಸಾಲಿಯಸ್ಸನ ಅಂಗರಚನಾ ಗ್ರಂಥವು 1543ರಲ್ಲಿ ಮುದ್ರಣವಾದದ್ದು ಅಲ್ಲಿಯೇ. ಅವನು ಸ್ನಾಯುಗಳನ್ನು ಬಹುಮಟ್ಟಿಗೆ ಸಂಖ್ಯೆಗಳಿಂದಲೇ ಗುರುತಿಸಿದನು. ಮುಂದೆ ಹೆಸರುಗಳು ಬೆಳೆದು ಗೊಂದಲವಾದಾಗ, 1895ರಲ್ಲಿ ಅಂಗರಚನಾಶಾಸ್ತ್ರಜ್ಞರು ಅದೇ ಬಾಸೆಲಿನಲ್ಲಿ ಸೇರಿ, ಸುಮಾರು 5,000 ಲ್ಯಾಟಿನ್ ಹೆಸರುಗಳ ಪಟ್ಟಿಯನ್ನು ಒಪ್ಪಿದರು. ಅದಕ್ಕೆ ಒಂದು ವರ್ಷ ಮೊದಲು, 1894ರಲ್ಲಿ, ಅದೇ ಊರಿನ ಹೆಸರು ಹೊತ್ತ ಬಾಸೆಲ್ ಮಿಷನ್ನಿನ ಮಂಗಳೂರು ಮುದ್ರಣಾಲಯದಿಂದ ಕಿಟ್ಟೆಲರ ಕನ್ನಡ ನಿಘಂಟು ಹೊರಬಂದಿತ್ತು. ಒಂದು ಕಡೆ ವಿದ್ವಾಂಸರ ಲ್ಯಾಟಿನ್ನಿಗೆ, ಇನ್ನೊಂದು ಕಡೆ ನಮ್ಮ ಆಡುಮಾತಿಗೂ ಗ್ರಂಥದಲ್ಲಿ ಗೌರವದ ಸ್ಥಾನ ದೊರೆಯಿತು.

ನಾವು ಶಾಸ್ತ್ರವೆಂದು ಕಂಠಪಾಠ ಮಾಡಿಸಿದ್ದು ಇನ್ನೊಂದು ನಾಡಿನ ಮನೆಮಾತನ್ನೇ. ಹೊಟ್ಟೆ, ಚಪ್ಪಲಿ, ದರ್ಜಿ, ಇಲಿ: ಕಣ್ಣಿಗೆ ಕಂಡದ್ದನ್ನೇ ಅವರು ಹೆಸರಾಗಿಸಿದರು. ನಮ್ಮ ಹಿರಿಯರು ಮೀನನ್ನು ಕಂಡರು. ಲ್ಯಾಟಿನ್ ಹೆಸರನ್ನು ಕಲಿಯಬೇಕಾದದ್ದು ನಿಜ. ಅದರಿಂದ ಜಗತ್ತಿನ ವೈದ್ಯರೆಲ್ಲ ಪರಸ್ಪರ ಅರಿಯುತ್ತಾರೆ. ಆದರೆ ಅದಕ್ಕಾಗಿ ಒಬ್ಬ ಬಾಲಕನು ನಾಚಬೇಕಾಗಿರಲಿಲ್ಲ.

ಆ ಹುಡುಗನು ಅನಂತರ ನನ್ನ ತರಗತಿಯಲ್ಲಿ ತಾನಾಗಿ ಕೈಯೆತ್ತಿದ ನೆನಪಿಲ್ಲ. ಈ ಬರಹ ಅವನ ಕಣ್ಣಿಗೆ ಬಿದ್ದರೆ ಇಷ್ಟು ತಿಳಿಯಲಿ: ಮಗೂ, ನಿನ್ನ ಉತ್ತರ ಸರಿಯಾಗಿತ್ತು. ಅಂದು ಕೊಡಬೇಕಾಗಿದ್ದ ಒಂದು ಅಂಕ ನನ್ನಲ್ಲಿಯೇ ಬಾಕಿ ಉಳಿದಿದೆ.