ಹೊಳೆ ದಾಟಿದ ಬುತ್ತಿ

ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವವರು ಸುಮಾರು ಒಂದು ಗಂಟೆಯಲ್ಲಿ ಮೊಗ್ರಾಲು, ಶಿರಿಯ, ಉಪ್ಪಳ, ಮಂಜೇಶ್ವರ ಹೊಳೆಗಳನ್ನು ದಾಟಿ ನೇತ್ರಾವತಿಯ ಉದ್ದ ಸೇತುವೆಗೆ ಬರುತ್ತಾರೆ. ಎಡಕ್ಕೆ ತೆಂಗಿನ ಸಾಲು, ಅಳಿವೆ, ಅಲ್ಲಲ್ಲಿ ಕಡಲು. ಬಲಕ್ಕೆ ಗದ್ದೆ, ಮುರಕಲ್ಲಿನ ಗುಡ್ಡ. ಮಕ್ಕಳು ಕಿಟಕಿ ಬಿಟ್ಟು ಏಳುವುದಿಲ್ಲ. ಆದರೆ ಈ ದಾರಿಗೊಂದು ಚರಿತ್ರೆಯಿದೆ. ಅದರಲ್ಲಿ ನಮ್ಮ ಮನೆಗಳ ಬುತ್ತಿಯ ಗಂಟಿಗೂ ಪಾಲಿದೆ.

ರೈಲು ಬರುವ ಮೊದಲು ಈ ಹೊಳೆಗಳೇ ಊರೂರುಗಳ ನಡುವಿನ ಗಡಿಗಳಾಗಿದ್ದವು. ಕಡವಿಗೆ ಬಂದು ದೋಣಿಗೆ ಕಾಯಬೇಕು. ಮಳೆಗಾಲದಲ್ಲಿ ನೆರೆ ಇಳಿಯುವ ತನಕ ಕೂತಿರಬೇಕು. ಕಾಸರಗೋಡಿನ ತೆಂಕಣ ಚಂದ್ರಗಿರಿಯನ್ನಂತೂ ತುಳುನಾಡಿಗೂ ಮಲೆಯಾಳಕ್ಕೂ ಎಲ್ಲೆಯೆಂದೇ ಹಿಂದಿನವರು ಎಣಿಸಿದ್ದರು.

ಈಗಿನ ಕೇರಳದ ನೆಲದಲ್ಲಿ ಮೊದಲ ರೈಲು ಓಡಿದ್ದು 1861ರಲ್ಲಿ, ಬೇಪೂರಿನ ಬಳಿಯಿಂದ ತಿರೂರಿಗೆ. ಹಳಿ ಕಲ್ಲಿಕೋಟೆಗೆ ಬಂದಾಗ 1888. ಕಣ್ಣೂರಿಗೆ ಬಂದಾಗ 1903. ಮುಂದಕ್ಕೆ ಹೊಳೆಯ ಮೇಲೆ ಹೊಳೆ. ಒಂದೊಂದಕ್ಕೂ ಸೇತುವೆ ಕಟ್ಟುತ್ತಾ, ಕಳನಾಡಿನಲ್ಲಿ ಗುಡ್ಡ ಕೊರೆದು ಸುರಂಗ ಮಾಡಿ, 1907ರಲ್ಲಿ ಮಂಗಳೂರು ತಲಪಿದರು. ಆಗ ನಮ್ಮ ತಾಲೂಕು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯದು. ಜಿಲ್ಲೆಯ ಪೇಟೆಗೂ ದೂರದ ರಾಜಧಾನಿಗೂ ಒಂದೇ ಹಳಿ ದಾರಿಯಾಯಿತು.

ಮದ್ರಾಸಿಗೆ ಹೋಗಬೇಕಾದರೆ ರಾತ್ರಿಯನ್ನು ರೈಲಿನಲ್ಲೇ ಕಳೆಯಬೇಕು. ಆದ್ದರಿಂದ ಬುತ್ತಿ. ಬಾಳೆಲೆಯನ್ನು ಕೆಂಡದ ಮೇಲೆ ಬಾಡಿಸಿ, ಮೊಸರನ್ನ, ಮಿಡಿ ಉಪ್ಪಿನಕಾಯಿ ಇಟ್ಟು, ಬಾಳೆನಾರಿನಲ್ಲಿ ಕಟ್ಟಿದ ಗಂಟು. ಇದನ್ನು ನಾವು ಪ್ರೀತಿಯಿಂದ ನೆನೆಯುತ್ತೇವೆ, ನೆನೆಯಬೇಕಾದ್ದೇ. ಆದರೆ ಬುತ್ತಿ ಕಟ್ಟುತ್ತಿದ್ದುದು ಹಸಿವಿಗೆ ಮಾತ್ರವಲ್ಲ, ಮಡಿಗೂ ಹೌದು. ಬೋಗಿಯ ಹಲಗೆಯ ಮೇಲೆ ಯಾರ ಪಕ್ಕ ಯಾರು ಕೂರಬೇಕೆಂಬುದನ್ನು ಟಿಕೇಟು ಕೇಳುತ್ತಿರಲಿಲ್ಲ. ಊಟ ಮಾತ್ರ ಕೇಳುತ್ತಿತ್ತು. ಮದ್ರಾಸ್ ಪ್ರಾಂತ್ಯದ ದೊಡ್ಡ ನಿಲ್ದಾಣಗಳ ಊಟದ ಮನೆಗಳಲ್ಲೂ ಬ್ರಾಹ್ಮಣರಿಗೆ ಬೇರೆ, ಇತರರಿಗೆ ಬೇರೆ ಜಾಗವಿತ್ತು. ಇ. ವಿ. ರಾಮಸಾಮಿ ಮೊದಲಾದವರ ಚಳವಳಿಯ ಬಳಿಕ 1941ರಲ್ಲಿ ಆ ಏರ್ಪಾಡು ಹೋಯಿತು. ಹೊಳೆಗಳಿಗೆಲ್ಲ ಸೇತುವೆ ಬಿದ್ದು ಮೂವತ್ತನಾಲ್ಕು ವರ್ಷ ಕಳೆದ ಮೇಲೆ ಎಂಬುದನ್ನು ಗಮನಿಸಬೇಕು.

ಬುತ್ತಿಯನ್ನು ಮಲೆಯಾಳಿಗಳು ಪೊದಿಚ್ಚೋರ್ ಎನ್ನುತ್ತಾರೆ. ಅದೇ ಬಾಡಿಸಿದ ಎಲೆ, ಅದೇ ಅನ್ನ. ಕಡವಿಗೆ ಅವರ ಮಾತಿನಲ್ಲೂ ಕಡವೇ. ಎದುರುಬದುರು ಕೂತು ಬಿಚ್ಚಿದ ಎರಡು ಗಂಟುಗಳಲ್ಲಿ ಇದ್ದುದು ಹೆಚ್ಚುಕಡಮೆ ಒಂದೇ ಊಟ. ಒಂದರಿಂದ ಇನ್ನೊಂದಕ್ಕೆ ಉಪ್ಪಿನಕಾಯಿ ದಾಟುವುದಕ್ಕೆ ಮಾತ್ರ ಬಹಳ ಕಾಲ ಬೇಕಾಯಿತು.

1956ರ ನವಂಬರ 1ರಂದು ರಾಜ್ಯಗಳ ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಬಡಗಣ ಭಾಗ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಜಾರಿಯಾಗಲಿಲ್ಲ. ಆ ನೋವು ನಮ್ಮ ಹಿರಿಯರನ್ನು ಬಿಟ್ಟುಹೋಗಲಿಲ್ಲ. ಹಳಿಯನ್ನು ಮಾತ್ರ ಯಾರೂ ಕೀಳಲಿಲ್ಲ. ಮಂಗಳೂರಿನ ಕಾಲೇಜು, ಆಸ್ಪತ್ರೆ, ಅಂಗಡಿಗಳಿಗೆ ಬೆಳಗ್ಗಿನ ರೈಲಿನಲ್ಲಿ ಹೋಗಿ ಸಂಜೆ ಮರಳುವ ಬದುಕು ಮುಂದುವರಿಯಿತು.

ಅದರ ಬೆಲೆ ತಿಳಿದದ್ದು 2020ರಲ್ಲಿ. ಮಹಾಮಾರಿಯ ಆ ಮಾರ್ಚ್ ತಿಂಗಳಲ್ಲಿ ರೈಲು ನಿಂತಿತು, ತಲಪಾಡಿಯಲ್ಲಿ ರಸ್ತೆಯೂ ಮುಚ್ಚಿತು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ಗಡಿಯಿಂದ ಹಿಂದಿರುಗಬೇಕಾಯಿತು, ಕೆಲವರು ಉಳಿಯಲಿಲ್ಲ. ಸೇತುವೆಗಳೆಲ್ಲ ಇದ್ದವು, ದಾಟುವಂತಿರಲಿಲ್ಲ.

ಮುಂದಿನ ಸಲ ನೇತ್ರಾವತಿಯ ಮೇಲೆ ರೈಲು ಸದ್ದು ಮಾಡುವಾಗ ಮಕ್ಕಳಿಗೆ ಹೊಳೆಗಳ ಹೆಸರು ಹೇಳಿಕೊಡೋಣ. ಹಿರಿಯರು ಬುತ್ತಿಯಲ್ಲಿ ಏನು ಕಟ್ಟುತ್ತಿದ್ದರು ಎಂಬುದನ್ನು ಹೇಳೋಣ. ಅದನ್ನು ಯಾರಿಗೆ ಕೊಡುತ್ತಿರಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳೋಣ. ಆಮೇಲೆ ಗಂಟು ಬಿಚ್ಚಿ, ಎದುರಿಗೆ ಕೂತವರನ್ನು ಮೊದಲು ಕೇಳೋಣ.